ಎರಡು ತಾಸಿನ ಆಟ

ಶಿಗ್ಗಾಂವಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ತನುಜಾ ನಾನೂರೈವತ್ತು ರೂಪಾಯಿ ಕೊಟ್ಟು ಒಂದು ವಿಡಿಯೋ ಗೇಮ್ ಕೊಂಡಳು. ಅದು ಎರಡೇ ತಾಸಿನಲ್ಲಿ ಮುಗಿದುಹೋಯಿತು. ಆಟದಲ್ಲಿ ಒಬ್ಬ ಮುದುಕಿಯ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗುತ್ತಿರುತ್ತದೆ. ಅವಳ ದೋಣಿಯಲ್ಲಿ ಮೂರು ಸಾಮಾನಿಗೆ ಮಾತ್ರ ಜಾಗ. ಏನು ಒಯ್ಯಬೇಕೆಂದು ಆಡುವವರು ಆರಿಸಬೇಕು.

ಗಂಡ ಶಿವಯೋಗಿಗೆ ಇದು ಸರಿಬರಲಿಲ್ಲ. "ಇಷ್ಟು ರೊಕ್ಕಕ್ಕ ಎರಡ ತಾಸಾ? ವಾಪಸ್ ಕೇಳು."

"ನೀವೊಮ್ಮೆ ಆಡಿ ನೋಡ್ರಿ. ಆಮ್ಯಾಲ ಕೇಳ್ತೇನಿ."

ತಪ್ಪು ಹುಡುಕಲೆಂದೇ ಕುಳಿತವನು ಕೊನೆಯವರೆಗೂ ಆಡಿದ.

"ನೀ ಏನೇನ್ ಒಯ್ದಿ?" ಎಂದು ಕೇಳಿದ.

"ಹೊಲಿಗಿ ಮಷೀನು, ಜ್ವಾಳದ ಚೀಲ, ಆಡು. ನೀವು?"

"ಮನಿ ಬಾಗಲಾ ಒಂದ ಒಯ್ದೆ. ಅದ ಇಡೀ ದೋಣಿ ತುಂಬ್ತು."

ತನುಜಾ ನಕ್ಕಳು. ಅವನು ನಗಲಿಲ್ಲ.

"ಬಂಕಾಪುರದ ನಮ್ಮ ಮನಿ ರಸ್ತೆ ಅಗಲ ಮಾಡೂವಾಗ ಹೋತಲ್ಲ, ಆಗ ಅಪ್ಪ ಮಾಡಿಸಿದ್ದ ಬಾಗಲಾ ಮಾರಿಬಿಟ್ಟೆ. ಇಟ್ಕೋಬೇಕು ಅಂತ ಹೊಳೀಲೇ ಇಲ್ಲ."

ಮದುವೆಯಾದ ನಾಲ್ಕು ವರ್ಷದಲ್ಲಿ ಅವನು ಆ ಮನೆಯ ಮಾತೆತ್ತಿದ್ದು ಇದೇ ಮೊದಲು.

"ರೊಕ್ಕ ವಾಪಸ್ ಕೇಳಲೇನ್ರಿ?"

"ಬ್ಯಾಡ ಬಿಡು."

ಮುಂದಿನ ವಾರ ಇಬ್ಬರೂ ಆ ಬಾಗಿಲು ಕೊಂಡಿದ್ದ ಹಳೇ ಕಟ್ಟಿಗೆ ವ್ಯಾಪಾರಿಯನ್ನು ವಿಚಾರಿಸಿಕೊಂಡು ತಡಸ ಎಂಬ ಊರಿಗೆ ಹೋದರು. ಬಾಗಿಲು ಸರೋಜವ್ವ ಎಂಬವರ ಮನೆಗೆ ಕೂತಿತ್ತು. ಮೇಲೆ ಹಸಿರು ಬಣ್ಣ ಬಳಿದಿದ್ದರು. ಶಿವಯೋಗಿ ಅದನ್ನು ವಾಪಸ್ ಕೊಡಿರೆಂದು ಕೇಳಲಿಲ್ಲ. ಚೌಕಟ್ಟಿನ ಕೆತ್ತನೆಯ ಮೇಲೆ ಒಮ್ಮೆ ಕೈಯಾಡಿಸಿದ.

"ಒಳಗ ಬರ್ರಿ, ಚಹಾ ಕುಡ್ಯಾಕ," ಎಂದರು ಸರೋಜವ್ವ.

ಅವನು ತಲೆ ತಗ್ಗಿಸಿ ಆ ಬಾಗಿಲು ದಾಟಿದ.