ಮಗ್ಗದ ಕುಣಿಯ ಬೀಗರು

ಮತ್ತೆ ಅದೇ, ತಣ್ಣಗೆ ತಾಗಿತು ಎಡಗಾಲಿನ ಹೆಬ್ಬೆರಳಿಗೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯ ಕತ್ತಲ ಮೂಲೆಯಲ್ಲಿ ಸೇದುವ ಆ ಮಣ್ಣಿನ ಚಿಲುಮೆ — ಈರಪ್ಪ ಕಾಲು ಹಿಂದಕ್ಕೆಳೆದುಕೊಂಡ, ಇಪ್ಪತ್ತೊಂದು ದಿನವಾಯಿತಲ್ಲ ಕೂಡಲಸಂಗಮದ ಹೊಳೆಯಲ್ಲಿ ಮುಳುಗಿ ಹೆಂಡತಿ ಬನಶಂಕರಿಯ ಕೈ ಮುಟ್ಟಿ ಗಾಂಜಾ ಬಿಟ್ಟೆ ಅಂದು, ಬಿಟ್ಟದ್ದು ನಿಜ, ಚಿಲುಮೆ ಬಿಸಾಡದೆ ಇಟ್ಟುಕೊಂಡದ್ದೂ ನಿಜ, ಇರಲಿ ಒಂದು ಧೈರ್ಯಕ್ಕೆ, ಎಂಥ ಧೈರ್ಯವೋ ಏನೋ, ಗೋಡೆಯಾಚೆ ಪಕ್ಕದ ಮನೆಯ ಕಲ್ಲು ಪಾಲಿಶಿನ ಜಲಾಲುದ್ದೀನನ ಟೇಪ್‌ರೆಕಾರ್ಡರ್ ಶುರುವಾಯಿತು ನೋಡು, ಗ್ರಾನೈಟ್ ಕೊಳ್ಳಲು ಬಂದ ಪರದೇಶಿ ಸಾಹೇಬ ಬಿಟ್ಟುಹೋದ ಕ್ಯಾಸೆಟ್, ರಾಕ್ ಅಂತೆ ಅದರ ಹೆಸರು, ಪಾಲಿಶ್ ಮಷಿನ್ನಿಗೆ ಕಲ್ಲು ಕೊಟ್ಟ ಹಾಗೆ ಗರ್ರೋ ಅನ್ನುತ್ತದೆ — ಏನಂತಾನಲೇ ಜಲಾಲು ಅಂವ ಹಿಂಗ ಒದರಿ ಅಂತ ಮೊನ್ನೆ ಚಹಾದಂಗಡಿಯಲ್ಲಿ ತಾನು ಕೇಳಿದ್ದಕ್ಕೆ ಜಲಾಲುದ್ದೀನ ಅಂದಿದ್ದ, ಸಾಹೇಬನ ದುಭಾಷಿ ನನಗ ಹೇಳ್ಯಾನಲೇ, ಎಲ್ಲಾ ನಶಾದ ಹಾಡ, ಮೊದಲನೇದರಾಗ ನಶಾ ಅಂದ್ರ ಅತಿಥಿ, ಒಂದ ರಾತ್ರಿ ಇದ್ದು ಹೋಗು ಬಾ ಅಂತ ಕರೀತಾನ, ನಡುವಿನದರಾಗ ಅತಿಥಿ ಹೊರಸಿನ ಮ್ಯಾಲ, ಇಂವ ನೆಲದ ಮ್ಯಾಲ, ಕಡೀದರಾಗ ಅತಿಥಿ ಒಳಗಿಂದ ಅಗಳಿ ಹಾಕ್ಯಾನ, ಇಂವ ತನ್ನ ಮನಿ ಬಾಗಲಾ ತಾನ ಬಡೀತಾನ. ನಗು ಬಂದು ಚಹಾ ಮೂಗಿಗೇರಿತ್ತು ಈರಪ್ಪನಿಗೆ, ನಮ್ಮ ಬೀಗರು ವಾಸಿ ಲೇ, ಹೋಳಿಗಿ ತೀರಿದ ಮ್ಯಾಲರೆ ಎದ್ದು ಹೋಗ್ತಾರ, ಅಂದಿದ್ದ, ಆದರೆ ಆ ಹಾಡುಗಾರರು ಭಾರಿ ಕಿಲಾಡಿಗಳು, ಕರೆಯುವ ಹಾಡಿಗೇ ಎಲ್ಲ ಇಂಪು ಸುರಿದು ಅಳುವ ಹಾಡಿಗೆ ಬರೀ ಕೆರೆತ ಉಳಿಸಿದ್ದಾರೆ, ನೆನಪಿಗೆ ಬರುವುದು ಮೊದಲಿನದೇ, ಅಯ್ಯೋ, ತಾನೇ ಅದನ್ನು ಗುನುಗುತ್ತಿದ್ದಾನಲ್ಲ —

ಎತ್ತ ನೋಡ್ತೀರಿ, ಕುಣಿಕಿ ಹಿಡೀರಿ, ಅಂದಳು ಎದುರು ಕೂತ ಬನಶಂಕರಿ, ಹೌದು, ಸೀರೆಯ ಒಡಲಿಗೆ ಸೆರಗು ಕೂಡಿಸುವ ದಿನ ಇವತ್ತು, ಒಡಲಿನ ಕಪ್ಪು ನೂಲಿನ ಕುಣಿಕೆಯೊಳಗೆ ಸೆರಗಿನ ಕೆಂಪು ರೇಷ್ಮೆಯ ಕುಣಿಕೆ, ಒಂದರೊಳಗೊಂದು, ಸಾವಿರಾರು, ಹೋದ ತಿಂಗಳು ಇದೇ ಕೆಲಸದಲ್ಲಿ ಗಾಂಜಾದ ನಶೆಗೆ ಕೈ ನಡುಗಿ ಏಳು ಕುಣಿಕೆ ತಪ್ಪಿ ಸೆರಗೇ ಕಳಚಿ ಅವಳ ಉಡಿಗೆ ಬಿದ್ದಿತ್ತು, ಬೈದಿರಲಿಲ್ಲ ಅವಳು, ಹರಿದ ಕೆಂಪು ಎಳೆಗಳನ್ನು ಆಯ್ದು ಗಂಟು ಕಟ್ಟಿಟ್ಟಿದ್ದಳು, ಬೈದಿದ್ದರೆ ಚೆನ್ನಾಗಿತ್ತು, ಇವತ್ತೂ ನಡುಗಿದರೆ ಹೊಳೆಯಲ್ಲಿ ಮುಳುಗಿದ್ದೆಲ್ಲ ನೀರುಪಾಲು — ಒಂದು, ಮತ್ತೊಂದು, ಅರೆ, ಗಟ್ಟಿಯಾಗಿ ನಿಂತಿದೆ ಕೈ, ಬೆರಳುಗಳು ಹೇಳಿದ ಮಾತು ಕೇಳುತ್ತಿವೆ, ಗೋಡೆಯಾಚೆ ಕೊನೆಯ ಹಾಡಿನ ಅಂವ ಬಾಗಿಲು ಬಡಿಯುತ್ತಿದ್ದಾನೆ, ಬಡಿ ಮಗನೇ ಬಡಿ, ಇಲ್ಲಿ ಕೊನೆಯ ಕುಣಿಕೆಯೂ ಕೂತಿತು. ಎಷ್ಟು ಖುಷಿ ಅವನಿಗೆ, ಕುಣಿಯಲ್ಲೇ ಕುಣಿದುಬಿಡುವಷ್ಟು, ಆ ಖುಷಿಯಲ್ಲೇ ಬಾಯಿ ಬಿಟ್ಟ, ಬನಶಂಕರಿ, ಒಂದ ಸುಳ್ಳ ಐತಿ ಇಲ್ಲಿ, ಅನ್ನುತ್ತ ಬಗ್ಗಿ ಚಿಲುಮೆ ಮೇಲೆತ್ತಿದ, ಗೊತ್ತೈತ್ರಿ, ಅಂದಳು ಅವಳು, ತಲೆಯೆತ್ತದೆ, ಸಂಗಮದಿಂದ ಬಂದ ದಿನಾನ ಅದರ ಬಾಯಾಗ ತುರುಕೇನ್ರಿ, ನೀವು ಮುಟ್ಟಿದ್ರ ಗೊತ್ತಾಗ್ಲಿ ಅಂತ, ದಿನಾ ನೋಡ್ತಿದ್ದೆ — ಬೆಳಕಿಗೆ ಹಿಡಿದ ಚಿಲುಮೆ, ಅದರ ಬಾಯಿತುಂಬ ಕೆಂಪು ರೇಷ್ಮೆ, ಆ ಏಳು ಕುಣಿಕೆಯ ಹರಿದ ಎಳೆಗಳು, ಒಂದೂ ಅಲುಗಿಲ್ಲ, ಚಿಲುಮೆಯ ಬಾಯಿತುಂಬ ಕೆಂಪು ರೇಷ್ಮೆ