ಬೀಗ ಬಿದ್ದ ದೀಪಸ್ತಂಭ ಹತ್ತಿದವರು

“ಗಾಳಿಯಲ್ಲಿ ಹತ್ತಿದರೇನಮ್ಮಾ ನಿಮ್ಮ ಮೂರನೇ ಕೋಣೆಯವರು? ರೆಕ್ಕೆ ಕಟ್ಟಿಕೊಂಡು ಹೋದರೇ?”

“ದನಿ ಎತ್ತಬೇಡಿ ಮೇಷ್ಟ್ರೇ. ಮೊನ್ನೆ ಸಂಜೆ ಗಂಡ ಹೆಂಡತಿ ಇಬ್ಬರೂ ಇಲ್ಲೇ ನಿಂತು ಹೇಳಿದ್ದಾರೆ. ಲಿಫ್ಟಿನಲ್ಲಿ ದೀಪಸ್ತಂಭದ ತುದಿಗೆ ಹೋದೆವು, ಸಮುದ್ರ ಎರಡು ಬಣ್ಣದಲ್ಲಿ ಕಾಣ್ತು ಅಂತ.”

“ಎರಡಲ್ಲ, ಏಳು ಬಣ್ಣದಲ್ಲಿ ಕಾಣಲಿ! ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಮುಚ್ಚಿ ನಾಲ್ಕು ವರ್ಷ ಆಯ್ತು ಅಂತಾನೆ ಕಾವಲಿನವನು. ದಿಬ್ಬ ಹತ್ತಿಸಿ ನನ್ನ ಹೆಂಡತಿಯ ಜೀವ ತೆಗೆದಿರಿ. ಇದು ವಸತಿಗೃಹವೋ ನಾಟಕದ ಕಂಪನಿಯೋ?”

ಆಗಷ್ಟೇ ಕೆಲಸ ಮುಗಿಸಿ ಬಂದ ಹಗ್ಗದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಬಂದರಿಗೆ ಬರುವ ಹಡಗುಗಳ ಹಗ್ಗ ಹಿಡಿದು ದಡದ ಕಂಬಕ್ಕೆ ಬಿಗಿಯುವುದು ಅವನ ಉದ್ಯೋಗ. ಓಣಿಯವರು ಇಟ್ಟ ಹೆಸರೂ ಅದೇ. ಮೇಜಿನ ಹಿಂದೆ ಕೂತಿದ್ದವಳು ಅವನ ಹೆಂಡತಿ. ಆರು ಕೋಣೆಗಳ ಈ ವಸತಿಗೃಹದ ಯಜಮಾನಿ. ಎದುರಿಗೆ ಕೂಗಾಡುತ್ತಿದ್ದವರು ನಿನ್ನೆ ಸಂಜೆ ಬಂದಿಳಿದ ನಿವೃತ್ತ ಲೆಕ್ಕದ ಮೇಷ್ಟ್ರು. ನಿನ್ನೆ ದೊಡ್ಡ ಹಡಗೊಂದು ಬಂದದ್ದರಿಂದ ಹಗ್ಗದವನು ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಈ ರಾದ್ಧಾಂತವೇ ಆಗುತ್ತಿರಲಿಲ್ಲ.

ಆರು ವರ್ಷದ ಹಿಂದೆ ಅವಳು ಒದ್ದೆ ಬಟ್ಟೆಯ ಬಕೆಟ್ ಹೊತ್ತು ತಾರಸಿಯ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಳು. ಸೊಂಟ ಮುರಿಯಿತು. ಎರಡು ಸಲ ಕೊಯ್ದು ಕೂಡಿಸಿದರು. “ನಡೆದರೆ ಕಾಲು, ಕೂತರೆ ಗಾಲಿಕುರ್ಚಿ” ಎಂದರು ಡಾಕ್ಟರು. ಅವಳು ಕೂತಳು. ನೋವಿಗಿಂತ ಹೆಚ್ಚಾಗಿ ನಾಚಿಕೆ. ಕಂಡವರೆಲ್ಲ ಅಯ್ಯೋ ಪಾಪ ಅನ್ನುತ್ತಾರಲ್ಲ ಎಂದು. ಗಂಡ ಬೇಡಿಕೊಂಡ, ಬೈದ, ಒಮ್ಮೆ ಊಟವನ್ನೂ ಬಿಟ್ಟ. “ಉಪವಾಸ ನಿನಗೇ ಒಳ್ಳೆಯದು, ಹೊಟ್ಟೆ ಕರಗುತ್ತೆ” ಅಂದಳು.

ಸುಮಾರು ಎರಡು ವರ್ಷದ ಮೇಲೆ ಅವಳನ್ನು ಎಬ್ಬಿಸಿದ್ದು ಅತಿಥಿಯಾಗಿ ಬಂದ ಒಬ್ಬ ಮುದುಕಿ. ಆಗ ತಾನೇ ದೀಪಸ್ತಂಭಕ್ಕೆ ಲಿಫ್ಟ್ ಹಾಕಿದ್ದರು. ಆ ಮುದುಕಿ ನೋಡಿ ಬಂದವಳೇ, “ನನ್ನಂಥ ಮಂಡಿನೋವಿನವಳೇ ಹೋಗಿಬಂದೆ, ನಿನಗೇನು ಧಾಡಿ?” ಎಂದಳು. ಅವಳಿಗೆ ರೋಷ ಬಂತು. ಮನೆಯಿಂದ ದೀಪಸ್ತಂಭದ ಬುಡಕ್ಕೆ ಎಷ್ಟು ಹೆಜ್ಜೆ ಎಂದು ಗಂಡನ ಕೈಲಿ ಎಣಿಸಿ ತರಿಸಿದಳು. ಸಾವಿರದ ನೂರು. ಕೋಣೆಗಳ ಮುಂದಿನ ಪಡಸಾಲೆ ಒಂದು ಸುತ್ತಿಗೆ ಇಪ್ಪತ್ತೆರಡು ಹೆಜ್ಜೆ. ಹಾಗಾದರೆ ಐವತ್ತು ಸುತ್ತು. ಅಷ್ಟು ನಡೆದ ದಿನವೇ ಹೊರಡುವುದು ಎಂದು ನಿಶ್ಚಯಿಸಿ ಗೋಡೆ ಹಿಡಿದಳು. ಮೊದಲ ದಿನ ಅರ್ಧ ಸುತ್ತು. ತಿಂಗಳಿಗೆ ಎರಡು. ಮೂರನೇ ತಿಂಗಳಲ್ಲಿ, ಅವಳು ಐದಕ್ಕೆ ಬಂದಾಗ, ಗೋಡೆ ಬಿರುಕು ಬಿಟ್ಟಿದೆ ಎಂದು ದೀಪಸ್ತಂಭಕ್ಕೆ ಬೀಗ ಜಡಿದರು.

ಬಂದರಿನಲ್ಲಿ ಸುದ್ದಿ ಹಗ್ಗದವನ ಕಿವಿಗೆ ಬಿತ್ತು. ಹೇಳಿದರೆ ಅವಳು ಮತ್ತೆ ಕೂರುತ್ತಾಳೆ. ಹೇಳದಿದ್ದರೆ ಸಂಜೆ ಅತಿಥಿಗಳೇ ಹೇಳುತ್ತಾರೆ. ಎಲ್ಲರ ಕೈಗೂ ‘ಊರಿನಲ್ಲಿ ನೋಡಬೇಕಾದದ್ದು’ ಎಂದು ಅವಳೇ ಚೀಟಿ ಬರೆದು ಕೊಡುತ್ತಿದ್ದಳು, ಅದರಲ್ಲಿ ಮೊದಲನೆಯದೇ ದೀಪಸ್ತಂಭ. ಆ ಸಂಜೆ ಅವನು ಓಣಿಯ ತಿರುವಿನಲ್ಲಿ ಕಾದು ನಿಂತ. ಸೋಪು ಮಾರುವ ಅತಿಥಿಯೊಬ್ಬ ಬಂದ. ಅವನ ಕೈಹಿಡಿದು, “ಒಂದು ಉಪಕಾರ ಆಗಬೇಕು. ಹತ್ತಿದೆ ಅನ್ನಿ. ಚೆನ್ನಾಗಿತ್ತು ಅನ್ನಿ. ಅಷ್ಟೇ” ಎಂದು ಕಾರಣ ಹೇಳಿದ. ಸೋಪಿನವನು ಒಳಗೆ ಹೋಗಿ ಅರ್ಧ ಗಂಟೆ ವರ್ಣಿಸಿದ. ಸೋಪು ಮಾರುವವನಿಗೆ ಹೇಳಿಕೊಡಬೇಕೇ! ಸಮುದ್ರಕ್ಕೆ ಎರಡು ಬಣ್ಣ ಹಚ್ಚಿದವನು ಅವನೇ. ಅಂದು ಅವಳು ಏಳು ಸುತ್ತು ನಡೆದಳು.

ಅಲ್ಲಿಂದ ಯಾರೇ ಬರಲಿ, ಪೆಟ್ಟಿಗೆ ಹೊತ್ತು ತರುವ ನೆಪದಲ್ಲಿ ಹಗ್ಗದವನು ಅವರ ಕಿವಿಯಲ್ಲಿ ಇದನ್ನು ಹಾಕುತ್ತಿದ್ದ. ಓಣಿಯವರಿಗೂ ಹೇಳಿಟ್ಟಿದ್ದ. ಒಬ್ಬರೂ ಇಲ್ಲ ಅನ್ನಲಿಲ್ಲ. ಒಬ್ಬಾಕೆ ಲಿಫ್ಟಿನೊಳಗೆ ಬೆಕ್ಕು ಮರಿ ಹಾಕಿದೆ ಎಂದಳು. ಒಂದು ಪುಟ್ಟ ಹುಡುಗಿ ಮೇಲಿನಿಂದ ನಿಮ್ಮ ತಾರಸಿ ಕಾಣಿಸಿತು, ಹಳದಿ ಸೀರೆ ಒಣಗುತ್ತಿತ್ತು ಎಂದಳು. ನಿಜಕ್ಕೂ ಅಂದು ಹಳದಿ ಸೀರೆಯೇ ಒಣಗುತ್ತಿತ್ತು. ಆ ವಾರ ಪೂರ್ತಿ ಅವಳ ಮುಖ ನೋಡಬೇಕಿತ್ತು. ಮೊನ್ನೆಗೆ ನಲವತ್ತಾರು ಸುತ್ತು ಆಗಿತ್ತು, ಗೋಡೆ ಮುಟ್ಟದೆ. ಐವತ್ತಾದ ದಿನ ಏನು ಮಾಡುವುದು ಎಂದು ಅವನು ಯೋಚಿಸಿರಲಿಲ್ಲ. ಗಂಡಸರು ಅಷ್ಟು ದೂರ ಯೋಚಿಸುವ ಜಾತಿಯಲ್ಲ.

“ಹೊಸ್ತಿಲಲ್ಲಿ ಯಾಕೆ ನಿಂತೆ? ಬಾ. ಮೇಷ್ಟ್ರಿಗೆ ಹೇಳು, ಲೈಟ್‌ಹೌಸ್ ತೆರೆದಿದೆ ಅಂತ” ಎಂದಳು ಹೆಂಡತಿ.

ಅವನು ಚಪ್ಪಲಿ ಬಿಟ್ಟ. ಬಿಟ್ಟ ಚಪ್ಪಲಿಯನ್ನೇ ನೋಡುತ್ತ ನಿಂತ.

“ಹೇಳೋ!”

“ಮುಚ್ಚಿದೆ ಕಣೇ.”

“ಯಾವಾಗಿಂದ?”

“ಮೇಷ್ಟ್ರು ಹೇಳಿದ ಹಾಗೆಯೇ.”

“ಹಾಗಾದರೆ ಆ ಸೋಪಿನವನು? ಬೆಕ್ಕಿನಮ್ಮ? ಆ ಮಗು?”

“ನಾನೇ ಹೇಳಿಕೊಟ್ಟೆ. ಸೀರೆ ಮಾತ್ರ ನಾನು ಹೇಳಿದ್ದಲ್ಲ.”

ಅವಳು ಎರಡೂ ಕೈಯನ್ನು ಮೇಜಿನ ಮೇಲೆ ಊರಿದಳು. “ನಾಲ್ಕು ವರ್ಷ ನನ್ನ ಮೂಗಿಗೆ ತುಪ್ಪ ಸವರಿದೆಯಲ್ಲೋ! ಬಂದವರಿಗೆಲ್ಲ ಗೊತ್ತು, ಹೋದವರಿಗೆಲ್ಲ ಗೊತ್ತು, ಮನೆಯವಳೊಬ್ಬಳೇ ಪೆದ್ದಿ. ಅಷ್ಟೂ ಜನ ಒಳಗೊಳಗೇ ನಕ್ಕಿರಬೇಕು.”

“ಒಬ್ಬರೂ ನಗಲಿಲ್ಲ. ಸತ್ಯವಾಗ್ಲೂ.”

“ಸತ್ಯ! ನಿನ್ನ ಬಾಯಲ್ಲಿ!”

“ಸರಿ, ನಾನು ಸುಳ್ಳ. ಆದರೆ ನೀನು ನಡೆದೆಯೋ ಇಲ್ಲವೋ? ಅದನ್ನು ಹೇಳು ಮೊದಲು. ನಡೆದೆಯೋ ಇಲ್ಲವೋ?” ಈಗ ಅವನ ದನಿಯೂ ಏರಿತು, ಏರಿದ್ದು ಒಡೆಯಿತು. “ನೀನು ಆ ಕುರ್ಚಿಯಲ್ಲೇ ಒಣಗಿಹೋಗೋದನ್ನು ನೋಡೋಕೆ ನನ್ನ ಕೈಲಾಗಲಿಲ್ಲ.”

ಮೇಷ್ಟ್ರ ಕೋಪ ಇಳಿದುಹೋಗಿತ್ತು. ಮೆಲ್ಲಗೆ ಕೇಳಿದರು: “ನಾಲ್ಕು ವರ್ಷದಲ್ಲಿ ಎಷ್ಟು ಜನ ಬಂದಿರಬಹುದು?”

“ಎರಡು ಸಾವಿರ ಆಗಬಹುದು ಸ್ವಾಮಿ.”

“ಒಬ್ಬರೂ ಬಾಯಿ ಬಿಡಲಿಲ್ಲವೇ?”

“ಇಲ್ಲ. ನೀವೇ ಮೊದಲು.”

ಮೇಷ್ಟ್ರು ಬೆಂಚಿನ ಮೇಲೆ ತಮ್ಮ ಹೆಂಡತಿಯ ಪಕ್ಕ ಕುಸಿದು ಕೂತರು. “ಎರಡು ಸಾವಿರ ಜನ ಕಾಪಾಡಿದ್ದನ್ನು ನಾನೊಬ್ಬ ಒಂದೇ ಬೆಳಗಿನಲ್ಲಿ ಹಾಳುಮಾಡಿದೆನಲ್ಲೇ.”

“ನಲವತ್ತು ವರ್ಷದಿಂದ ಹೇಳ್ತಿದ್ದೀನಿ, ಪೂರ್ತಿ ಕೇಳಿ ಆಮೇಲೆ ಕೂಗಾಡಿ ಅಂತ” ಎಂದರು ಮೇಷ್ಟ್ರ ಹೆಂಡತಿ, ಕಾಲು ಒತ್ತಿಕೊಳ್ಳುತ್ತ.

ಯಜಮಾನಿ ಮತ್ತೆ ಕುರ್ಚಿಗೆ ಒರಗುತ್ತಾಳೆ, ಇನ್ನು ಏಳುವುದಿಲ್ಲ ಎಂದುಕೊಂಡ ಹಗ್ಗದವನು. ಅವಳು ಒರಗಲಿಲ್ಲ.

“ನನ್ನ ಚೀಟಿಯಲ್ಲಿರೋ ಮಿಕ್ಕದ್ದಾದರೂ ಇದೆಯೋ? ಮೀನಿನ ಹರಾಜುಕಟ್ಟೆ? ಗಡಿಯಾರದ ಕಟ್ಟಡ? ಆಚೆ ದಡಕ್ಕೆ ಹೋಗೋ ದೋಣಿ?”

“ಎಲ್ಲಾ ಇದೆ. ನಿನ್ನಾಣೆ.”

“ನನ್ನ ಆಣೆ ನೀನು ಇಡಬೇಡ. ನಾನೇ ನೋಡಿಕೊಳ್ತೀನಿ.” ಎದ್ದಳು.

“ಇರು, ನಾನೂ ಬರ್ತೀನಿ.”

“ನೀನು ಬಂದರೆ ಆ ಗಡಿಯಾರಕ್ಕೂ ಏನು ಹೊಡೀಬೇಕು ಅಂತ ಹೇಳಿಕೊಡ್ತೀಯ. ಕೂತ್ಕೋ!”

ಮೂರು ಮೆಟ್ಟಿಲು. ಅವಳು ಕಂಬಿ ಹಿಡಿದು ಇಳಿದಳು, ಓಣಿಯ ಇಳಿಜಾರಿನಲ್ಲಿ ಕಂಬಿಯೂ ಇಲ್ಲದೆ ಹೊರಟಳು. ಆರು ವರ್ಷದಲ್ಲಿ ಮೊದಲ ಸಲ. ಎದುರಾದವರು ಅಯ್ಯೋ ಅನ್ನಲೂ ಇಲ್ಲ, ಪಾಪ ಅನ್ನಲೂ ಇಲ್ಲ. ತಮ್ಮ ಪಾಡಿಗೆ ದಾರಿ ಬಿಟ್ಟರು.

“ಹೋಗಪ್ಪಾ ಹಿಂದಿನಿಂದ. ಬಾಗಿಲು ನಾವು ನೋಡ್ಕೋತೀವಿ” ಎಂದರು ಮೇಷ್ಟ್ರ ಹೆಂಡತಿ.

ಅವನು ದೂರ ಬಿಟ್ಟು ಹಿಂಬಾಲಿಸಿದ, ಕಳ್ಳನ ಹಾಗೆ. ದೊಡ್ಡ ರಸ್ತೆಯಲ್ಲಿ ಅವಳು ಕೈ ಅಡ್ಡ ಹಿಡಿದಳು; ಲಾರಿಯೊಂದು ಕಿರುಗುಟ್ಟಿ ನಿಂತಿತು. ಅವನು ಬಾಯಿಗೆ ಬಂದ ಕೂಗನ್ನು ನುಂಗಿಕೊಂಡ. ಹರಾಜುಕಟ್ಟೆಯ ಮುಂದೆ ನಿಂತು ಒಳಗೆ ಇಣುಕಿದಳು. ಗಡಿಯಾರದ ಕೆಳಗೆ ತಲೆ ಎತ್ತಿ, ಅದು ಗಂಟೆ ಹೊಡೆಯುವ ತನಕ ಕಾದಳು. ದಡದಲ್ಲಿ ದೋಣಿಯವನು ನೀಡಿದ ಕೈಯನ್ನು ಪಕ್ಕಕ್ಕೆ ಸರಿಸಿ ತಾನೇ ಹಲಗೆ ದಾಟಿದಳು. ದೋಣಿ ಹೋಯಿತು.

ಹಗ್ಗದವನು ದಡದ ಕಟ್ಟೆಯ ಮೇಲೆ ಕೂತ. ದೋಣಿ ಬಂತು, ಅವಳಿರಲಿಲ್ಲ. ಮತ್ತೆ ಹೋಗಿ ಬಂತು. ಇರಲಿಲ್ಲ. ಮೂರನೆಯ ಸಲ ಅವನು ದೋಣಿಯವನನ್ನು ತಡೆದು ಕೇಳಿದ.

“ನಮ್ಮೋಳು?”

“ಆಚೆ ಇಳಿದು ಮಾರುಕಟ್ಟೆ ಕಡೆ ಹೋದ್ರಣ್ಣ. ಇಲ್ಲೇ ಇರಿ, ವಾಪಸ್ ಕರ್ಕೊಂಡು ಹೋಗ್ತೀನಿ ಅಂದೆ. ಬೈದ್ರು.”

“ಹೇಗೆ ನಡೀತಿದ್ಲು?”

“ಹೇಗೆ ಅಂದ್ರೆ? ಎಲ್ಲರ ಹಾಗೆ.”

“ಎಲ್ಲರ ಹಾಗೆ” ಎಂದ ಹಗ್ಗದವನು. ಇನ್ನೊಂದು ಸಲ ಹೇಳು ಅನ್ನುವಂತೆ ಅವನ ಮುಖ ನೋಡಿದ. ಅಷ್ಟರಲ್ಲಿ ದೋಣಿ ಹೊರಟಿತ್ತು. ಅದು ಇನ್ನೂ ಎರಡು ಸಲ ಬಂದು ಹೋಯಿತು. ಅವಳು ಬರಲಿಲ್ಲ. ಇನ್ನೂ ನಡೆಯುತ್ತಿರಬೇಕು ಎಂದುಕೊಂಡು ಅವನು ಕಟ್ಟೆಯ ಮೇಲೆ ಕೂತೇ ಇದ್ದ.