ಬಿಚ್ಚದ ಗ್ಲೌಸು

ಬೆರಳ ಸಂದಿಯನ್ನೂ ಬಿಡದೆ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತಿದ್ದಾನೆ ಡಾಕ್ಟರ್ ಮಹದೇವ್, ಗ್ರಾಹಕ ಆಯೋಗದ ಹಾಲ್ ತುಂಬ ಅದೇ ವಾಸನೆ, ಉಜ್ಜಿಕೋ, ಚರ್ಮ ಸುಲಿಯುವ ತನಕ ಉಜ್ಜಿಕೋ, ಸಾಕ್ಷಿಯ ಕುರ್ಚಿಯಲ್ಲಿ ವಚನಾ ಒಳಗೊಳಗೇ ಹಲ್ಲು ಕಡಿದಳು, ಇವತ್ತು ನಿನ್ನ ಜುಟ್ಟು ನನ್ನ ಕೈಯಲ್ಲಿ — ತಜ್ಞ ಸಾಕ್ಷಿಯಾಗಿ ಅವಳ ಹೆಸರು ಬಂದಾಗ ಅವನು ಬೇಡವೆನ್ನಲಿಲ್ಲ, ಬೇಡವೆಂದರೆ ಯಾಕೆಂದು ಹೇಳಬೇಕಲ್ಲ, ಹೇಳಲಿ ನೋಡೋಣ, ವರ್ಷಗಳ ಹಿಂದೆ ರಾಜಾಜಿನಗರದ ಆಸ್ಪತ್ರೆಯಲ್ಲಿ ಅವಸರಕ್ಕೆ ಒಬ್ಬ ಹೆಂಗಸಿನ ರಕ್ತನಾಳ ಕತ್ತರಿಸಿದ್ದು ಅವನು, ಅವಳು ಆಗಿನ್ನೂ ಕಲಿಯುತ್ತಿದ್ದವಳು, ಗಾಯದ ಅಂಚು ಹಿಡಿದು ನಿಂತಿದ್ದಳಷ್ಟೆ, ಹೆಣ ಟೇಬಲ್ ಮೇಲಿರುವಾಗಲೇ ಅವನು ಬಾಗಿಲು ತಳ್ಳಿಕೊಂಡು ಹೊರಗೆ ಬಂದ, ಗ್ಲೌಸು ಬಿಚ್ಚದೆ, ಥಿಯೇಟರಿನ ಗ್ಲೌಸು ಥಿಯೇಟರಿನ ಬಾಗಿಲು ದಾಟಬಾರದು ಎಂದು ಕಲಿಸಿದವನೇ ಅವನು, ರಕ್ತ ಒಣಗದ ಬೆರಳನ್ನು ಎತ್ತಿ ಹಿಂದೆಯೇ ಬಂದ ಅವಳತ್ತ ತೋರಿಸಿ, ಇವ್ಳೇ ಕಣ್ರೀ, ಇವ್ಳ ಕೈ ಜಾರ್ತು ಅಂದ, ಸತ್ತವಳ ಅಣ್ಣ ಹೊಡೆದ ಏಟಿಗೆ ಕಿವಿ ಇವತ್ತಿಗೂ ಗುಂಯ್ ಅನ್ನುತ್ತದೆ.

ಈಗಲೂ ಗುಂಯ್, ಎದುರು ಬೆಂಚಿನಲ್ಲಿ ಮೂಡಲಪಾಳ್ಯದ ಶಂಕ್ರವ್ವ, ಊಟದ ಪಾರ್ಸೆಲ್ ಹಂಚುತ್ತಿದ್ದ ಮಗನನ್ನು ಅಪೆಂಡಿಕ್ಸ್ ಆಪರೇಷನ್ನಿಗೆ ಮಹದೇವನ ಕೈಗೊಪ್ಪಿಸಿ ಹೆಣವಾಗಿ ಒಯ್ದವಳು, ಬೆಳಿಗ್ಗೆ ಮೆಟ್ಟಿಲ ಮೇಲೆ ವಚನಾಳ ಕೈ ಹಿಡಿದುಕೊಂಡು, ನೀವ್ ಖರೇ ಹೇಳ್ರಿ ಅಕ್ಕಾರ, ಅಷ್ಟ ಸಾಕ್ರೀ ನನಗ ಅಂದಿದ್ದಳು — ಖರೆ ಏನೆಂದರೆ, ಅಯ್ಯೋ, ಈ ಸಲ ಅವನ ತಪ್ಪಿಲ್ಲ, ಹುಡುಗನ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತು, ಅದನ್ನು ತಡೆಯುವ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದಾನೆ, ಉಸಿರು ನಿಲ್ಲುವ ತನಕ ಪಕ್ಕದಲ್ಲೇ ಇದ್ದಾನೆ, ಕೇಸಿನ ಕಾಗದ ತಿರುವಿದಷ್ಟೂ ಅವಳ ಹೊಟ್ಟೆ ಉರಿಯಿತು, ಪಾಪಿ, ಒಂದಾದರೂ ತಪ್ಪು ಮಾಡಬಾರದಿತ್ತೇ — ಬಸವೇಶ್ವರನಗರದಿಂದ ಬರುವಾಗ, ಕುರುಬರಹಳ್ಳಿ ಸಿಗ್ನಲ್ಲಿನಲ್ಲಿ, ನಿಜವನ್ನೇ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದಳು, ನನ್ನ ಬಾಯಿಂದಲೇ ಬಚಾವಾಗಿ ಬದುಕಲಿ, ಅದೇ ಅವನಿಗೆ ಶಿಕ್ಷೆ, ಎಂಥಾ ಶಿಕ್ಷೆ, ಮನೆಗೆ ಹೋಗಿ ಹೋಳಿಗೆ ತಿಂದು ಮಲಗುತ್ತಾನೆ — ಶಂಕ್ರವ್ವನ ವಕೀಲ ಮೋಹನ್ ಕುಮಾರ್ ಎದ್ದ, ಮೇಡಂ, ಈ ಸಾವಿಗೆ ಯಾರು ಕಾರಣ, ಹೇಳ್ತೀರಾ, ಶಂಕ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಮಹದೇವ್ ಉಜ್ಜುವುದನ್ನು ನಿಲ್ಲಿಸಿದ, ಯಾರೂ ಅಲ್ಲ, ನಾಲಿಗೆ ತುದಿಯಲ್ಲೇ ಇದೆ, ಯಾರೂ ಅಲ್ಲ, ಹೇಳಿಬಿಡು, ಆದರೆ ಕಣ್ಣೆದುರು ಬೆರಳು, ಗ್ಲೌಸಿನ ಬೆರಳು, ತುದಿಯಲ್ಲಿ ರಕ್ತ, ನೆಟ್ಟಗೆ ಎತ್ತಿದ ಬೆರಳು, ಅಲ್ಲ, ಇದಕ್ಕೆ ಗ್ಲೌಸಿಲ್ಲ, ರಕ್ತವಿಲ್ಲ, ಉಗುರಲ್ಲಿ ಬೆಳಗಿನ ಒಗ್ಗರಣೆಯ ಅರಿಶಿನವಿದೆ, ಮಹದೇವನತ್ತ ಎದ್ದು ನಿಂತಿದೆ, ಬೆರಳು, ಅವಳದೇ ಬೆರಳು